ಒಲೆ ಹಚ್ಚದ ಸೂಪು: ಸ್ಪೇನಿನ ಬಿರುಬೇಸಿಗೆಯ ಗಸ್ಪಾಚೊ

ಜುಲೈ ತಿಂಗಳ ಮಧ್ಯಾಹ್ನ ದಕ್ಷಿಣ ಸ್ಪೇನಿನ ಆಂದಲೂಸಿಯಾದ ಬೀದಿಗಳು ಬಿಕೋ ಎನ್ನುತ್ತವೆ. ಎರಡು ಗಂಟೆಯ ಹೊತ್ತಿಗೆ ಅಂಗಡಿಗಳು ಬಾಗಿಲು ಎಳೆದುಕೊಂಡಿರುತ್ತವೆ. ಸುಣ್ಣ ಬಳಿದ ಮನೆಗಳ ಕಿಟಕಿಗಳಿಗೆ ಪರದೆ ಇಳಿದಿರುತ್ತದೆ. ಗ್ವಾದಲ್ಕಿವೀರ್ ನದಿಯ ಬಯಲಿನಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಸುದ್ದಿಯೇ ಅಲ್ಲ. 2021ರ ಆಗಸ್ಟ್‌ನಲ್ಲಿ ಕಾರ್ಡೊಬಾ ಪ್ರಾಂತ್ಯದಲ್ಲಿ ಪಾದರಸ 47 ಡಿಗ್ರಿಯನ್ನೂ ಮೀರಿತ್ತು. ಸೆವಿಲ್ ಮತ್ತು ಕಾರ್ಡೊಬಾ ನಗರಗಳ ನಡುವಿನ ಎಸಿಹಾ ಎಂಬ ಊರನ್ನು ಸ್ಪೇನಿನವರು ಕರೆಯುವುದೇ ‘ಆಂದಲೂಸಿಯಾದ ಬಾಣಲೆ’ ಎಂದು.

ಇಂಥ ಹೊತ್ತಿನಲ್ಲಿ ಅಲ್ಲಿ ಒಲೆ ಹಚ್ಚುವ ಉಮೇದು ಯಾರಿಗೂ ಇರುವುದಿಲ್ಲ. ಊಟದ ಮೇಜಿಗೆ ಬರುವುದು ಫ್ರಿಜ್ಜಿನಿಂದ ತೆಗೆದ ಒಂದು ಜಗ್ಗು. ಒಳಗೆ ಕಿತ್ತಳೆ ಛಾಯೆಯ ಕೆಂಪು ರಸ. ಲೋಟಕ್ಕೆ ಬಗ್ಗಿಸಿದರೆ ಗಟ್ಟಿ ಮಜ್ಜಿಗೆಯ ಹದದಲ್ಲಿ ಇಳಿಯುತ್ತದೆ. ಮೂಗಿಗೆ ಮೊದಲು ತಾಗುವುದು ಸೌತೆಕಾಯಿಯ ಹಸಿ ವಾಸನೆ, ಆಮೇಲೆ ಬೆಳ್ಳುಳ್ಳಿ, ಕೊನೆಗೆ ವಿನೆಗರ್. ಇದೇ ಗಸ್ಪಾಚೊ. ಬೆಂಗಳೂರಿನ ದೊಡ್ಡ ಹೋಟೆಲುಗಳ ಮೆನುವಿನಲ್ಲಿ ‘ತಣ್ಣನೆಯ ಟೊಮೆಟೊ ಸೂಪ್’ ಎಂಬ ವಿವರಣೆಯೊಂದಿಗೆ ಕಾಣಿಸಿಕೊಳ್ಳುವ ಇದರ ಹಿಂದೆ ಹೊಲದ ಆಳುಗಳ ಹಸಿವಿನ ಚರಿತ್ರೆಯಿದೆ. ಬೆಂಕಿಯ ನೆರವಿಲ್ಲದೆ ಅಡುಗೆ ಮಾಡುವ ಅಚ್ಚುಕಟ್ಟಾದ ಲೆಕ್ಕಾಚಾರವೂ ಇದೆ.

ಕುದಿಸಿ ಆರಿಸಿದ್ದಲ್ಲ

ತಣ್ಣನೆಯ ಸೂಪುಗಳಲ್ಲಿ ಎರಡು ಬಗೆ. ಮೊದಲನೆಯದು ಬೇಯಿಸಿ, ಆಮೇಲೆ ತಣ್ಣಗೆ ಮಾಡುವಂಥದ್ದು. ನ್ಯೂಯಾರ್ಕಿನ ರಿಟ್ಜ್-ಕಾರ್ಲ್‌ಟನ್ ಹೋಟೆಲಿನಲ್ಲಿ ಬಾಣಸಿಗನಾಗಿದ್ದ ಫ್ರಾನ್ಸಿನ ಲೂಯಿ ದಿಯಾ 1917ರಲ್ಲಿ ಹೆಸರುವಾಸಿ ಮಾಡಿದ ‘ವಿಶಿಸ್ವಾಜ್’ ಈ ಜಾತಿಗೆ ಸೇರಿದ್ದು. ಅದರಲ್ಲಿ ಆಲೂಗಡ್ಡೆಯನ್ನೂ ಲೀಕ್ ಎಂಬ ಈರುಳ್ಳಿ ಬಳಗದ ತರಕಾರಿಯನ್ನೂ ಬೇಯಿಸಿ, ನುಣ್ಣಗೆ ಮಾಡಿ, ಕೆನೆ ಬೆರೆಸಿ ತಂಪಾಗಿಸುತ್ತಾರೆ.

ಎರಡನೆಯದು ಒಲೆಯನ್ನೇ ಕಾಣದಂಥದ್ದು. ಮೊಸರು, ಸೌತೆಕಾಯಿ, ಬೆಳ್ಳುಳ್ಳಿ, ಅಕ್ರೋಟು ಸೇರಿಸುವ ಬಲ್ಗೇರಿಯಾದ ತರಾತೊರ್ ಈ ಗುಂಪಿನದು. ಗಸ್ಪಾಚೊ ಈ ಗುಂಪಿನ ಹಿರಿಯ. ಹಸಿ ಟೊಮೆಟೊ, ಸೌತೆಕಾಯಿ, ಮೆಣಸಿನಕಾಯಿ, ಬೆಳ್ಳುಳ್ಳಿ, ಒಣಗಿದ ಬ್ರೆಡ್, ಆಲಿವ್ ಎಣ್ಣೆ, ವಿನೆಗರ್, ಉಪ್ಪು, ನೀರು: ಇಷ್ಟೇ ಸಾಮಗ್ರಿ.

ಹೆಸರಿನಿಂದ ಗೊಂದಲವಾಗುವುದೂ ಉಂಟು. ಸ್ಪೇನಿನ ನಡುಭಾಗದ ಲಾ ಮಾಂಚಾ ಪ್ರದೇಶದಲ್ಲಿ ಇದೇ ಹೆಸರಿನ ಇನ್ನೊಂದು ಖಾದ್ಯವಿದೆ. ಅದು ಬೇಟೆಯ ಮಾಂಸದ ಬಿಸಿ ಸಾರಿನಲ್ಲಿ ಹುಳಿ ಬರಿಸದ ತೆಳು ರೊಟ್ಟಿಯ ಚೂರುಗಳನ್ನು ಬೇಯಿಸಿದ್ದು. ಇಲ್ಲಿ ಹೇಳುತ್ತಿರುವುದು ಆಂದಲೂಸಿಯಾದ ತಣ್ಣನೆಯ ಗಸ್ಪಾಚೊ ಬಗ್ಗೆ.

ಬ್ರೆಡ್ಡೇ ಮೂಲ

ಗಸ್ಪಾಚೊ ಎಂದರೆ ಟೊಮೆಟೊ ಎಂಬುದು ಈಚಿನ ಮಾತು. ಅದರ ಹಳೆಯ ರೂಪದಲ್ಲಿ ಟೊಮೆಟೊ ಇರಲೇ ಇಲ್ಲ. ಒಣಗಿ ಕಲ್ಲಾದ ಬ್ರೆಡ್ಡನ್ನು ನೀರಲ್ಲಿ ನೆನೆಸಿ, ಬೆಳ್ಳುಳ್ಳಿ ಮತ್ತು ಉಪ್ಪಿನ ಜೊತೆ ಕುಟ್ಟಿ, ಆಲಿವ್ ಎಣ್ಣೆ ಹಾಗೂ ವಿನೆಗರ್ ಬೆರೆಸಿ ನೀರು ಹಾಕಿದರೆ ಮುಗಿಯಿತು. ಹಳಸುವ ಮುನ್ನ ಬ್ರೆಡ್ಡನ್ನು ತಿನ್ನುವಂತೆ ಮಾಡುವ ದಾರಿ ಅದು.

ಈ ಸಾಮಗ್ರಿಗಳೆಲ್ಲ ಆ ನೆಲದಲ್ಲಿ ಬಹಳ ಹಿಂದಿನಿಂದಲೂ ಇದ್ದವು. ರೋಮನ್ ಸಾಮ್ರಾಜ್ಯದ ಕಾಲದಲ್ಲಿ ಬೇಟಿಕಾ ಎನಿಸಿಕೊಂಡಿದ್ದ ಇದೇ ಪ್ರದೇಶದಿಂದ ರೋಮ್ ನಗರಕ್ಕೆ ಆಲಿವ್ ಎಣ್ಣೆ ಹಡಗುಗಟ್ಟಲೆ ಹೋಗುತ್ತಿತ್ತು. ಎಣ್ಣೆ ಖಾಲಿ ಮಾಡಿ ಒಡೆದುಹಾಕಿದ ಮಣ್ಣಿನ ಜಾಡಿಗಳ ಚೂರುಗಳಿಂದಲೇ ರೋಮ್‌ನಲ್ಲಿ ಮೊಂತೆ ತೆಸ್ತಾಚೊ ಎಂಬ ಗುಡ್ಡ ಎದ್ದಿದೆ. ಅದರ ಹೆಚ್ಚಿನ ಪಾಲು ಬೇಟಿಕಾದ ಜಾಡಿಗಳದ್ದು. ನೀರಿಗೆ ವಿನೆಗರ್ ಬೆರೆಸಿದ ‘ಪೋಸ್ಕಾ’ ರೋಮನ್ ಸೈನಿಕರ ದಿನನಿತ್ಯದ ಪಾನೀಯವಾಗಿತ್ತು. 711ರ ನಂತರ ಬಂದ ಅರಬ್ ಮತ್ತು ಬರ್ಬರ್ ಆಳ್ವಿಕೆಯ ಕಾಲದಲ್ಲಿ ಬಾದಾಮಿ ಮತ್ತು ಬೆಳ್ಳುಳ್ಳಿಯನ್ನು ಬ್ರೆಡ್ಡಿನ ಜೊತೆ ಅರೆಯುವ ಅಡುಗೆಗಳು ಬೇರೂರಿದವು. ಯಾರೋ ಒಬ್ಬರು ಕಂಡುಹಿಡಿದದ್ದು ಎನ್ನುವುದಕ್ಕಿಂತ, ಈ ಎಲ್ಲ ಅಭ್ಯಾಸಗಳ ಕೂಡಿಕೆಯಲ್ಲಿ ಗಸ್ಪಾಚೊ ರೂಪುಗೊಂಡಿತು ಎನ್ನುವುದೇ ಸರಿ.

1611ರಲ್ಲಿ ಸೆಬಾಸ್ತಿಯಾನ್ ದೆ ಕೊವರ್ರೂಬಿಯಾಸ್ ಪ್ರಕಟಿಸಿದ ಸ್ಪ್ಯಾನಿಷ್ ನಿಘಂಟಿನಲ್ಲಿ ಇದರ ವಿವರಣೆ ಸಿಗುತ್ತದೆ. ಸುಟ್ಟ ಬ್ರೆಡ್, ಎಣ್ಣೆ, ವಿನೆಗರ್ ಮುಂತಾದವನ್ನು ಸೇರಿಸಿ ಕುಟ್ಟಿದ ಇದು ಕೊಯ್ಲಿನವರು ಮತ್ತು ಒರಟು ಜನರ ಆಹಾರ ಎಂಬ ಧಾಟಿ ಅದರದು. 1615ರಲ್ಲಿ ಹೊರಬಂದ ‘ಡಾನ್ ಕ್ವಿಕ್ಸೋಟ್’ ಕಾದಂಬರಿಯ ಎರಡನೆಯ ಭಾಗದಲ್ಲಿ, ದ್ವೀಪದ ಅಧಿಕಾರ ಬಿಟ್ಟುಹೊರಡುವ, ನಾಯಕನ ಹಳ್ಳಿಗ ಸೇವಕ ಸಾಂಚೊ ಪಾಂಜಾ ಕೂಡ ವೈದ್ಯನ ಪಥ್ಯಕ್ಕಿಂತ ತನಗೆ ಹೊಟ್ಟೆ ತುಂಬ ಗಸ್ಪಾಚೊ ಸಿಕ್ಕರೆ ಸಾಕು ಎನ್ನುತ್ತಾನೆ. ಹಳ್ಳಿಗನ ಊಟವೆಂದರೆ ಇದೇ ಎಂಬುದು ಅಂದಿನ ಓದುಗರಿಗೆ ಗೊತ್ತಿತ್ತು.

ಹೊಲದ ಬದಿಯ ಬೋಗುಣಿ

ಆಂದಲೂಸಿಯಾದ ಜಮೀನು ಬಹುಕಾಲ ದೊಡ್ಡ ಭೂಮಾಲೀಕರ ಕೈಯಲ್ಲಿತ್ತು. ಗೋಧಿ ಕೊಯ್ಲು, ಆಲಿವ್ ಕೀಳುವುದು, ದ್ರಾಕ್ಷಿ ಕೊಯ್ಲು ಎಲ್ಲವನ್ನೂ ಮಾಡುತ್ತಿದ್ದವರು ಸ್ವಂತ ನೆಲವಿಲ್ಲದ ದಿನಗೂಲಿಗಳು. ಕೂಲಿಯ ಜೊತೆಗೆ ಧಣಿಯ ಮನೆಯಿಂದ ಅವರಿಗೆ ಸಿಗುತ್ತಿದ್ದದ್ದು ಬ್ರೆಡ್, ಎಣ್ಣೆ, ವಿನೆಗರ್, ಬೆಳ್ಳುಳ್ಳಿ. ಹೊಲದಲ್ಲೇ ಮರದ ಬೋಗುಣಿಯಲ್ಲಿ ಇವನ್ನು ಕುಟ್ಟಿ ಕಲಸಿ, ಬಾವಿ ನೀರು ಹಾಕಿ ಗಸ್ಪಾಚೊ ಮಾಡಿಕೊಳ್ಳುತ್ತಿದ್ದರು.

ಎಲ್ಲರಿಗೂ ಒಂದೇ ಬೋಗುಣಿ. ಆಳುಗಳು ಅದರ ಸುತ್ತ ನಿಲ್ಲುತ್ತಿದ್ದರು. ಒಬ್ಬ ಮುಂದೆ ಬಂದು ಒಂದು ಚಮಚ ತೆಗೆದುಕೊಂಡು, ಒಂದು ಹೆಜ್ಜೆ ಹಿಂದೆ ಸರಿದು ಮುಂದಿನವನಿಗೆ ಜಾಗ ಬಿಡಬೇಕು. ಇಷ್ಟೇ ನಿಯಮ. ಒಬ್ಬ ಹೆಚ್ಚು, ಇನ್ನೊಬ್ಬ ಕಡಿಮೆ ತಿನ್ನದಂತೆ ತಡೆಯಲು ಅದು ಸಾಕಾಗುತ್ತಿತ್ತು.

ಫ್ರಿಜ್ಜು ಇಲ್ಲದ ಕಾಲದಲ್ಲಿ ತಂಪು ಎಲ್ಲಿಂದ ಬಂತು? ಬಾವಿಯ ನೀರು ಒಂದು ಮೂಲ. ಇನ್ನೊಂದು, ಸ್ಪೇನಿನಲ್ಲಿ ಬೊತೀಹೊ ಎಂದು ಕರೆಯುವ, ಮೆರುಗು ಹಚ್ಚದ ಮಣ್ಣಿನ ಹೂಜಿ. ಹೂಜಿಯ ಸಣ್ಣ ರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಎಳೆದುಕೊಳ್ಳುತ್ತದೆ. ಕರ್ನಾಟಕದ ಮನೆಗಳ ಮಣ್ಣಿನ ಮಡಕೆ ಕೆಲಸ ಮಾಡುವುದೂ ಇದೇ ತತ್ವದಲ್ಲಿ. ಅಂದಿನ ಗಸ್ಪಾಚೊ ಇಂದಿನಷ್ಟು ಕೊರೆಯುವ ತಣ್ಣಗಿರಲಿಲ್ಲ, ಬಿಸಿಲಿಗೆ ಹೋಲಿಸಿದರೆ ತಂಪಾಗಿತ್ತು, ಅಷ್ಟೇ.

ಸಾಗರದಾಚೆಯಿಂದ ಬಂದ ಕೆಂಪು

ಟೊಮೆಟೊ ಮತ್ತು ಮೆಣಸಿನಕಾಯಿ ಎರಡೂ ಅಮೆರಿಕ ಖಂಡದ ಬೆಳೆಗಳು. ಕೊಲಂಬಸ್ 1493ರಲ್ಲಿ ಮರಳುವಾಗಲೇ ಮೆಣಸಿನಕಾಯಿ ಸ್ಪೇನಿಗೆ ಬಂತು. ಮೆಕ್ಸಿಕೊದ ಅಜ್ಟೆಕ್ ಸಾಮ್ರಾಜ್ಯ 1521ರಲ್ಲಿ ಸ್ಪೇನಿನವರ ವಶವಾದ ಮೇಲೆ ಟೊಮೆಟೊ ಬಂತು. ಅಮೆರಿಕದ ವ್ಯಾಪಾರವೆಲ್ಲ ಆಗ ಸೆವಿಲ್ ಬಂದರಿನ ಮೂಲಕವೇ ನಡೆಯಬೇಕಿತ್ತು. ಆದ್ದರಿಂದ ಹೊಸ ಬೆಳೆಗಳನ್ನು ಯುರೋಪಿನಲ್ಲಿ ಮೊದಲು ಕಂಡ ನೆಲಗಳಲ್ಲಿ ಆಂದಲೂಸಿಯಾವೂ ಒಂದು.

ಕಂಡ ತಕ್ಷಣ ಯಾರೂ ಟೊಮೆಟೊವನ್ನು ಬೋಗುಣಿಗೆ ಹಾಕಲಿಲ್ಲ. ಯುರೋಪಿನಲ್ಲಿ ಅದು ಬಹುಕಾಲ ಕುತೂಹಲದ, ಅನುಮಾನದ ಗಿಡವಾಗಿಯೇ ಉಳಿಯಿತು. ಸ್ಪೇನಿನ ಆಳ್ವಿಕೆಯಲ್ಲಿದ್ದ ನೇಪಲ್ಸ್‌ನಲ್ಲಿ ಆಂಟೊನಿಯೊ ಲತಿನಿ 1692ರಲ್ಲಿ ಹೊರತಂದ ಅಡುಗೆ ಪುಸ್ತಕದಲ್ಲಿ ಟೊಮೆಟೊ ಸಾಸ್ ಒಂದು ಇದೆ; ಅದನ್ನು ಆತ ಸ್ಪೇನಿನ ಶೈಲಿಯದು ಎಂದೇ ಕರೆದ. ಆದರೂ 1747ರಲ್ಲಿ ಮ್ಯಾಡ್ರಿಡ್‌ನಲ್ಲಿ ಪ್ರಕಟವಾದ ಹುವಾನ್ ದೆ ಲಾ ಮಾತಾನ ಪುಸ್ತಕದ ಗಸ್ಪಾಚೊದಲ್ಲಿ ಬ್ರೆಡ್, ಬೆಳ್ಳುಳ್ಳಿ, ವಿನೆಗರ್, ಎಣ್ಣೆಯ ಜೊತೆ ಆಂಚೊವಿ ಮೀನು ಇದೆ, ಟೊಮೆಟೊ ಇಲ್ಲ.

ಹತ್ತೊಂಬತ್ತನೆಯ ಶತಮಾನದ ಹೊತ್ತಿಗೆ ಚಿತ್ರ ಬದಲಾಗಿತ್ತು. 1824ರಲ್ಲಿ ಮೊದಲು ಪ್ರಕಟವಾದ ‘ದಿ ವರ್ಜೀನಿಯಾ ಹೌಸ್‌ವೈಫ್’ ಎಂಬ ಅಮೆರಿಕದ ಅಡುಗೆ ಪುಸ್ತಕದಲ್ಲಿ ಮೇರಿ ರ್‍ಯಾಂಡಾಲ್ಫ್ ಸ್ಪೇನಿನ ಗಸ್ಪಾಚೊವನ್ನು ವಿವರಿಸಿದ್ದಾಳೆ. ಬೋಗುಣಿಯ ತಳದಲ್ಲಿ ಸುಟ್ಟ ಬ್ರೆಡ್, ಅದರ ಮೇಲೆ ಟೊಮೆಟೊ ಮತ್ತು ಸೌತೆಕಾಯಿಯ ಬಿಲ್ಲೆಗಳ ಪದರ. ರಸಕ್ಕಿಂತ ಕೋಸಂಬರಿಗೆ ಹತ್ತಿರವಾದ ಅಡುಗೆ ಅದು.

ಇಂದಿನ ನುಣುಪಾದ, ಕುಡಿಯುವಂಥ ಗಸ್ಪಾಚೊ ಇನ್ನೂ ಈಚಿನದು. ಬಾರ್ಸಿಲೋನಾದಲ್ಲಿ ಗಾಬ್ರಿಯೆಲ್ ಲ್ಯುಯೆಲ್ಯೆಸ್ 1959ರಲ್ಲಿ ರೂಪಿಸಿದ ‘ಮಿನಿಪಿಮೆರ್’ ಎಂಬ ಕೈಮಿಕ್ಸರ್ ಸ್ಪೇನಿನ ಮನೆಮನೆಗೂ ಹೊಕ್ಕಿತು. ಫ್ರಿಜ್ಜೂ ಬಂತು. ಕುಟ್ಟಾಣಿಯಲ್ಲಿ ತರಿತರಿಯಾಗಿ ಉಳಿಯುತ್ತಿದ್ದದ್ದು ರಸವಾಯಿತು, ತಂಪಾಗಿದ್ದದ್ದು ಕೊರೆಯುವಷ್ಟು ತಣ್ಣಗಾಯಿತು. ಈಗ ಅಲ್ಲಿನ ಸೂಪರ್‌ಮಾರ್ಕೆಟುಗಳ ತಂಪು ಕಪಾಟಿನಲ್ಲಿ ಹಾಲಿನ ಪಕ್ಕದಲ್ಲೇ ಗಸ್ಪಾಚೊ ಪ್ಯಾಕೆಟ್ಟುಗಳು ಸಿಗುತ್ತವೆ. ಸ್ಪೇನಿನ ಸಿನಿಮಾ ನಿರ್ದೇಶಕ ಪೆದ್ರೊ ಅಲ್ಮೊದೋವರ್ 1988ರ ತನ್ನ ಹಾಸ್ಯಚಿತ್ರದಲ್ಲಿ ನಿದ್ದೆಮಾತ್ರೆ ಬೆರೆಸಿದ ಒಂದು ಜಗ್ಗು ಗಸ್ಪಾಚೊದ ಸುತ್ತ ಕಥೆಯನ್ನೇ ಹೆಣೆದ. ಪ್ರೇಕ್ಷಕರಿಗೆ ಅದೇನೆಂದು ವಿವರಿಸುವ ಅಗತ್ಯವಿರಲಿಲ್ಲ.

ಬೆಂಕಿಯ ಕೆಲಸ ಹಂಚಿಕೊಂಡವರು

ಸಾಮಾನ್ಯ ಸೂಪಿನಲ್ಲಿ ಬೆಂಕಿ ಹಲವು ಕೆಲಸ ಮಾಡುತ್ತದೆ. ತರಕಾರಿಯನ್ನು ಮೆತ್ತಗಾಗಿಸಿ ರಸ ಬಿಡಿಸುತ್ತದೆ, ಬೆಳ್ಳುಳ್ಳಿಯ ಘಾಟು ಇಳಿಸುತ್ತದೆ, ಸಾರನ್ನು ಮಂದವಾಗಿಸುತ್ತದೆ, ರುಚಿಗಳನ್ನು ಬೆಸೆಯುತ್ತದೆ, ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ. ಗಸ್ಪಾಚೊದಲ್ಲಿ ಈ ಕೆಲಸಗಳು ಬೇರೆಬೇರೆಯವರ ಪಾಲಾಗುತ್ತವೆ. ಮಾಡುವವರಿಗೆ ಈ ಹಂಚಿಕೆ ಗೊತ್ತಿದ್ದರೆ ಅಳತೆಯಲ್ಲಿ ಸ್ವಲ್ಪ ಆಚೀಚೆಯಾದರೂ ಅಡುಗೆ ಕೆಡುವುದಿಲ್ಲ.

ರಸ ಬಿಡಿಸುವುದು ಉಪ್ಪಿನ ಕೆಲಸ. ಹೆಚ್ಚಿದ ಟೊಮೆಟೊ, ಸೌತೆಕಾಯಿಗೆ ಉಪ್ಪು ಬೆರೆಸಿ ಅರ್ಧ ಗಂಟೆ ಬಿಟ್ಟರೆ ಬೋಗುಣಿಯ ತಳದಲ್ಲಿ ತಿಳಿ ಗುಲಾಬಿ ಬಣ್ಣದ ನೀರು ನಿಲ್ಲುತ್ತದೆ. ಟೊಮೆಟೊದಲ್ಲಿ ಸುಮಾರು ಶೇ 95 ಭಾಗ ನೀರೇ. ಉಪ್ಪು ಜೀವಕೋಶಗಳಿಂದ ಅದನ್ನು ಹೊರಗೆಳೆಯುತ್ತದೆ. ಆ ನೀರಿನಲ್ಲಿ ಸಕ್ಕರೆ, ಹುಳಿ, ಪರಿಮಳ ಎಲ್ಲ ಕರಗಿರುತ್ತದೆ. ಬ್ರೆಡ್ ನೆನೆಸಬೇಕಾದದ್ದು ಇದರಲ್ಲಿ. ಬರಿ ನೀರಲ್ಲಿ ನೆನೆಸಿದರೆ ಸೂಪು ಸಪ್ಪೆಯಾಗುತ್ತದೆ.

ಮಂದವಾಗಿಸುವುದು ಬ್ರೆಡ್ಡಿನ ಕೆಲಸ. ಅದರ ಪಿಷ್ಟ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಬ್ರೆಡ್ ಇಲ್ಲದ ಗಸ್ಪಾಚೊವನ್ನು ಜಗ್ಗಿನಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ತಿಳಿನೀರು ಒಂದು ಕಡೆ, ತಿರುಳು ಇನ್ನೊಂದು ಕಡೆ ಬೇರ್ಪಡುವುದು ಕಣ್ಣಿಗೇ ಕಾಣುತ್ತದೆ.

ರುಚಿ ಬೆಸೆಯುವುದು ಎಣ್ಣೆ. ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ ನಿಜ. ಆದರೆ ಮಿಕ್ಸಿ ತಿರುಗುತ್ತಿರುವಾಗ ಸಣ್ಣ ಧಾರೆಯಾಗಿ ಸುರಿದರೆ ಅದು ಕಣ್ಣಿಗೆ ಕಾಣದ ಹನಿಗಳಾಗಿ ಒಡೆಯುತ್ತದೆ. ಬ್ರೆಡ್ಡಿನ ಪಿಷ್ಟ ಮತ್ತು ಟೊಮೆಟೊದ ಪೆಕ್ಟಿನ್ ಆ ಹನಿಗಳು ಮತ್ತೆ ಒಂದಾಗದಂತೆ ತಡೆಯುತ್ತವೆ. ಕಡುಗೆಂಪು ರಸ ನೋಡನೋಡುತ್ತಲೇ ಕಿತ್ತಳೆಗೆ ತಿರುಗುತ್ತದೆ. ಬಣ್ಣ ಕೆಟ್ಟಿತೆಂದು ಗಾಬರಿಪಡಬೇಕಾಗಿಲ್ಲ. ಎಣ್ಣೆಯ ಹನಿಗಳೂ ಗಾಳಿಯ ಗುಳ್ಳೆಗಳೂ ಬೆಳಕನ್ನು ಚದುರಿಸುವುದರಿಂದ ಹಾಗಾಗುತ್ತದೆ, ಹದ ಬಂದದ್ದರ ಗುರುತು ಅದು.

ಬೆಳ್ಳುಳ್ಳಿಯ ಘಾಟು ಇಳಿಸುವವರು ಮಾತ್ರ ಇಲ್ಲಿ ಯಾರೂ ಇಲ್ಲ. ಎಸಳು ಜಜ್ಜಿದಾಗ ಅದರೊಳಗಿನ ಕಿಣ್ವ ಕೆಲಸ ಶುರುಮಾಡಿ ಆಲಿಸಿನ್ ಎಂಬ ಖಾರದ ವಸ್ತುವನ್ನು ಹುಟ್ಟಿಸುತ್ತದೆ. ಬಿಸಿ ತಾಗಿದರೆ ಆ ಕಿಣ್ವ ನಾಶವಾಗುತ್ತದೆ. ಹಸಿ ಅಡುಗೆಯಲ್ಲಿ ಹಾಗಾಗುವುದಿಲ್ಲ. ಆದ್ದರಿಂದಲೇ ಒಂದು ಕಿಲೊ ಟೊಮೆಟೊಗೆ ಒಂದೇ ಸಣ್ಣ ಎಸಳು ಸಾಕು. ಎಸಳನ್ನು ಸೀಳಿ ನಡುವಿನ ಹಸಿರು ಮೊಳಕೆ ತೆಗೆದರೆ ಕಹಿಯೂ ಕಡಿಮೆಯಾಗುತ್ತದೆ.

ಮಾಡುವ ಬಗೆ

ನಾಲ್ಕೈದು ಮಂದಿಗೆ ಬೇಕಾಗುವುದು: ಚೆನ್ನಾಗಿ ಹಣ್ಣಾದ ಟೊಮೆಟೊ 1 ಕಿಲೊ, ಎಳೆ ಸೌತೆಕಾಯಿ ಅರ್ಧ, ಹಸಿರು ದೊಣ್ಣೆಮೆಣಸಿನಕಾಯಿ ಅರ್ಧ, ಬೆಳ್ಳುಳ್ಳಿ 1 ಎಸಳು, ಹಿಂದಿನ ದಿನದ ಬ್ರೆಡ್ 50 ಗ್ರಾಂ, ಆಲಿವ್ ಎಣ್ಣೆ 60 ಮಿ.ಲೀ., ವಿನೆಗರ್ 2 ದೊಡ್ಡ ಚಮಚ, ಉಪ್ಪು 8 ಗ್ರಾಂ, ಅಂದರೆ ಒಂದೂವರೆ ಸಣ್ಣ ಚಮಚದಷ್ಟು. ಈರುಳ್ಳಿ ಹಾಕಬೇಕೇ ಬೇಡವೇ ಎಂಬುದರಲ್ಲಿ ಆಂದಲೂಸಿಯಾದ ಮನೆಗಳಲ್ಲೇ ಒಮ್ಮತವಿಲ್ಲ.

ಟೊಮೆಟೊವನ್ನು ಮೊದಲೇ ಫ್ರಿಜ್ಜಿನಲ್ಲಿಡುವುದು ತಪ್ಪು. ಸುಮಾರು 12 ಡಿಗ್ರಿಗಿಂತ ಕೆಳಗೆ ದಿನಗಟ್ಟಲೆ ಇಟ್ಟರೆ ಹಣ್ಣಿನಲ್ಲಿ ಪರಿಮಳ ತಯಾರಿಸುವ ವ್ಯವಸ್ಥೆಯೇ ಮಂಕಾಗುತ್ತದೆ, ಮತ್ತೆ ಹೊರಗಿಟ್ಟರೂ ಪೂರ್ತಿ ಚೇತರಿಸಿಕೊಳ್ಳುವುದಿಲ್ಲ. ಫ್ಲಾರಿಡಾ ವಿಶ್ವವಿದ್ಯಾಲಯದ ವಿಜ್ಞಾನಿಗಳಿದ್ದ ತಂಡವೊಂದು 2016ರಲ್ಲಿ ಇದರ ಕಾರಣವನ್ನು ವಂಶವಾಹಿಗಳ ಮಟ್ಟದಲ್ಲಿ ತೋರಿಸಿತು. ತಂಪು ಮಾಡಬೇಕಾದದ್ದು ಹಣ್ಣನ್ನಲ್ಲ, ಸಿದ್ಧವಾದ ಸೂಪನ್ನು.

ತರಕಾರಿಗಳನ್ನು ತೊಳೆದು, ಸೌತೆಕಾಯಿಯ ತುದಿ ಕತ್ತರಿಸಿ ಕಹಿ ಇದೆಯೇ ಎಂದು ಚೂರು ತಿಂದು ನೋಡಬೇಕು. ಕಹಿಯಿದ್ದರೆ ಆ ಕಾಯಿ ಬೇಡ; ಇಲ್ಲಿ ಅದನ್ನು ಮರೆಸಲು ಒಗ್ಗರಣೆಯಿಲ್ಲ. ಎಲ್ಲವನ್ನೂ ದಪ್ಪಗೆ ಹೆಚ್ಚಿ, ಉಪ್ಪು ಬೆರೆಸಿ ಅರ್ಧ ಗಂಟೆ ಬಿಡಬೇಕು. ಬಿಟ್ಟ ರಸದಲ್ಲಿ ಬ್ರೆಡ್ ನೆನೆಹಾಕಬೇಕು. ಬ್ರೆಡ್ ಮೆತ್ತಗಾದ ಮೇಲೆ ಎಲ್ಲವನ್ನೂ ಮಿಕ್ಸಿಗೆ ಹಾಕಿ ಎರಡು ಮೂರು ನಿಮಿಷ ನುಣ್ಣಗೆ ತಿರುವಬೇಕು. ಜಾರು ಚಿಕ್ಕದಿದ್ದರೆ ಎರಡು ಸಲ ಮಾಡುವುದು ಒಳ್ಳೆಯದು.

ಕೊನೆಯಲ್ಲಿ ಮಿಕ್ಸಿಯ ವೇಗ ತಗ್ಗಿಸಿ ಎಣ್ಣೆಯನ್ನು ಧಾರೆಯಾಗಿ ಬಿಡಬೇಕು, ಆಮೇಲೆ ವಿನೆಗರ್. ಸಿಪ್ಪೆ, ಬೀಜ ಬೇಡವೆನ್ನುವವರು ಜರಡಿಯಲ್ಲಿ ಸೋಸಿ, ಸೌಟಿನ ಹಿಂಬದಿಯಿಂದ ಒತ್ತಿ ರಸ ಇಳಿಸಬಹುದು. ತೀರ ಮಂದವಾಗಿದ್ದರೆ ಮಾತ್ರ ತಣ್ಣೀರು ಬೆರೆಸಬೇಕು. ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಕನಿಷ್ಠ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಬೇಕು. ಈ ಹೊತ್ತಿನಲ್ಲಿ ಬ್ರೆಡ್ ಇನ್ನಷ್ಟು ನೀರು ಹೀರಿ ಹದ ಕೂಡುತ್ತದೆ, ವಿನೆಗರ್‌ನ ಚುಚ್ಚು ಕಡಿಮೆಯಾಗುತ್ತದೆ.

ರುಚಿ ನೋಡಬೇಕಾದದ್ದು ತಣ್ಣಗಾದ ಮೇಲೆ

ಅನುಭವಿ ಅಡುಗೆಯವರೂ ಎಡವುವುದು ಉಪ್ಪು-ಹುಳಿಯ ಅಂದಾಜಿನಲ್ಲಿ. ಮಿಕ್ಸಿಯಿಂದ ತೆಗೆದಾಗ ಸರಿಯೆನಿಸಿದ್ದು ಫ್ರಿಜ್ಜಿನಿಂದ ಬಂದಾಗ ಸಪ್ಪೆಯಾಗಿರುತ್ತದೆ. ಕಾರಣ ನಾಲಿಗೆಯಲ್ಲಿದೆ. ಸಿಹಿಯ ಸಂಕೇತವನ್ನು ಮುಂದಕ್ಕೆ ದಾಟಿಸುವ ರುಚಿಕೋಶಗಳ ಒಂದು ಪ್ರೋಟೀನ್ 15 ಡಿಗ್ರಿಯಲ್ಲಿ ಮಂದವಾಗಿದ್ದು 35 ಡಿಗ್ರಿಯ ಹೊತ್ತಿಗೆ ಬಹಳ ಚುರುಕಾಗುತ್ತದೆ ಎಂಬುದು 2005ರ ಸಂಶೋಧನೆಯೊಂದರಲ್ಲಿ ತಿಳಿದುಬಂತು. ಐಸ್‌ಕ್ರೀಂ ಕರಗಿದ ಮೇಲೆ ಗಂಟಲು ಹಿಡಿಯುವಷ್ಟು ಸಿಹಿ ಎನಿಸುವುದು ಇದೇ ಕಾರಣಕ್ಕೆ.

ತಂಪಿನಲ್ಲಿ ಪರಿಮಳವೂ ಕುಗ್ಗುತ್ತದೆ. ವಾಸನೆಯ ಕಣಗಳು ಗಾಳಿಗೆ ಏರಬೇಕಾದರೆ ಶಾಖ ಬೇಕು. ನಾಲ್ಕು ಡಿಗ್ರಿಯ ಸೂಪಿನಿಂದ ಅವು ಏಳುವುದು ಕಡಿಮೆ. ಹಾಗಾಗಿ ಹಣ್ಣಾಗದ ಟೊಮೆಟೊದ ಕೊರತೆ ಬಿಸಿ ಸಾರಿನಲ್ಲಿ ಮುಚ್ಚಿಹೋದರೂ ಗಸ್ಪಾಚೊದಲ್ಲಿ ಎದ್ದು ಕಾಣುತ್ತದೆ. ಬಡಿಸುವ ಮುನ್ನ ಕಾಲು ಗಂಟೆ ಹೊರಗಿಟ್ಟು ಕದಡಿ, ಆಗ ಉಪ್ಪು, ವಿನೆಗರ್ ಸರಿಮಾಡುವುದು ಸರಿಯಾದ ಕ್ರಮ. ಲೋಟಕ್ಕೆ ಐಸ್ ತುಂಡು ಹಾಕಿದರೆ ಅದು ಕರಗಿ ರಸವನ್ನು ನೀರಾಗಿಸುತ್ತದೆ. ಅದರ ಬದಲು ಲೋಟಗಳನ್ನೇ ಫ್ರಿಜ್ಜಿನಲ್ಲಿಟ್ಟು ತಣಿಸಬಹುದು.

ಒಂದೇ ಬಳಗದ ಬೇರೆ ರುಚಿಗಳು

ಇದೇ ಸಾಮಗ್ರಿಗಳ ಪ್ರಮಾಣ ಬದಲಿಸಿದರೆ ಬೇರೆ ಅಡುಗೆ ಹುಟ್ಟುತ್ತದೆ. ಕಾರ್ಡೊಬಾದ ಸಾಲ್ಮೊರೇಹೊದಲ್ಲಿ ಸೌತೆಕಾಯಿ, ಮೆಣಸಿನಕಾಯಿ ಇಲ್ಲ. 1 ಕಿಲೊ ಟೊಮೆಟೊಗೆ 200 ಗ್ರಾಂನಷ್ಟು ಬ್ರೆಡ್ ಬೀಳುವುದರಿಂದ ಅದು ಕುಡಿಯುವಂತಿರುವುದಿಲ್ಲ, ಚಮಚದಲ್ಲಿ ತಿನ್ನಬೇಕು. ಮೇಲೆ ಬೇಯಿಸಿದ ಮೊಟ್ಟೆ ಮತ್ತು ಒಣಗಿಸಿದ ಹಂದಿಮಾಂಸದ ಚೂರುಗಳನ್ನು ಉದುರಿಸುವುದು ರೂಢಿ. ಮಲಗಾ ಪ್ರಾಂತ್ಯದ ಅಂತೆಕೇರಾದಲ್ಲಿ ಮಾಡುವ ಪೊರ್ರಾ ಇನ್ನೂ ಗಟ್ಟಿ.

ಅದೇ ಪ್ರಾಂತ್ಯದ ಆಹೊಬ್ಲಾಂಕೊ ಬಿಳಿ ಬಣ್ಣದ್ದು. ಬಾದಾಮಿ, ಬೆಳ್ಳುಳ್ಳಿ, ಬ್ರೆಡ್, ಎಣ್ಣೆ, ವಿನೆಗರ್, ನೀರು ಸೇರಿಸಿ ಮಾಡಿ, ಮೇಲೆ ಸಿಹಿ ದ್ರಾಕ್ಷಿ ಹಾಕುತ್ತಾರೆ. ಅಮೆರಿಕದ ಯಾವ ಬೆಳೆಯೂ ಇದರಲ್ಲಿ ಇಲ್ಲದಿರುವುದರಿಂದ ಟೊಮೆಟೊ ಬರುವ ಮುಂಚಿನ ಗಸ್ಪಾಚೊದ ರುಚಿ ಹೇಗಿತ್ತೆಂಬುದರ ಸುಳಿವು ಇದರಲ್ಲಿ ಸಿಗುತ್ತದೆ. ಅಲ್ಮಾಚಾರ್ ಎಂಬ ಬೆಟ್ಟದೂರಿನಲ್ಲಿ ಪ್ರತಿ ಸೆಪ್ಟೆಂಬರ್ ಆರಂಭದಲ್ಲಿ ಆಹೊಬ್ಲಾಂಕೊ ಹೆಸರಿನಲ್ಲೇ ಜಾತ್ರೆ ನಡೆಯುತ್ತದೆ.

ದೇಹಕ್ಕೆ ದಕ್ಕುವುದೇನು?

ತಣ್ಣನೆಯ ಸೂಪು ಮೈಯನ್ನು ತಣಿಸುತ್ತದೆ ಎಂಬ ನಂಬಿಕೆಯಲ್ಲಿ ಅರ್ಧ ಸತ್ಯವಿದೆ. 8 ಡಿಗ್ರಿಯ ಒಂದು ಲೋಟ, ಅಂದರೆ 250 ಮಿ.ಲೀ. ರಸವನ್ನು ದೇಹ ತನ್ನ 37 ಡಿಗ್ರಿಗೆ ತರಲು ಖರ್ಚಾಗುವ ಶಾಖ ಸುಮಾರು 7 ಕಿಲೊಕ್ಯಾಲರಿ ಮಾತ್ರ. ಆದರೆ ಅದೇ ಕಾಲು ಲೀಟರ್ ನೀರು ಬೆವರಾಗಿ ಚರ್ಮದ ಮೇಲೆ ಪೂರ್ತಿ ಆವಿಯಾದರೆ ಸುಮಾರು 145 ಕಿಲೊಕ್ಯಾಲರಿ ಶಾಖವನ್ನು ಹೊತ್ತೊಯ್ಯುತ್ತದೆ. ತಂಪಿಗಿಂತ ಇಪ್ಪತ್ತು ಪಟ್ಟು ಹೆಚ್ಚು ಕೆಲಸ ಮಾಡುವುದು ನೀರು.

ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಬಿಸಿಲಲ್ಲಿ ದುಡಿಯುವ ಆಳಿಗೆ ನೀರು, ಉಪ್ಪು, ಬ್ರೆಡ್ಡಿನ ಪಿಷ್ಟ, ಎಣ್ಣೆಯ ಕೊಬ್ಬು ನಾಲ್ಕೂ ಒಂದೇ ಬೋಗುಣಿಯಲ್ಲಿ ಸಿಗುತ್ತಿತ್ತು. ಟೊಮೆಟೊ ಸೇರಿದ ಮೇಲೆ ಪೊಟ್ಯಾಸಿಯಂ ಮತ್ತು ವಿಟಮಿನ್ ಸಿ ಕೂಡ ಸೇರಿದವು. ಬೇಯಿಸಿದರೆ ವಿಟಮಿನ್ ಸಿ ನಷ್ಟವಾಗುತ್ತದೆ, ಇಲ್ಲಿ ಆ ನಷ್ಟವಿಲ್ಲ. ಟೊಮೆಟೊದ ಕೆಂಪು ಬಣ್ಣಕ್ಕೆ ಕಾರಣವಾದ ಲೈಕೊಪಿನ್ ಮಾತ್ರ ಬೆಂದಾಗಲೇ ದೇಹಕ್ಕೆ ಚೆನ್ನಾಗಿ ದಕ್ಕುವುದು. ಅದು ಕೊಬ್ಬಿನಲ್ಲಿ ಕರಗುವ ವಸ್ತುವಾದ್ದರಿಂದ ಎಣ್ಣೆ ಆ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುತ್ತದೆ.

ಫ್ಯಾನಿನ ಕೆಳಗೆ ಕೂತು ಕುಡಿಯುವವರ ಲೆಕ್ಕ ಬೇರೆ. ಮೇಲೆ ಕೊಟ್ಟ ಅಳತೆಯಲ್ಲಿ ಒಂದು ಲೋಟಕ್ಕೆ ಒಂದೂವರೆ ಗ್ರಾಂಗೂ ಹೆಚ್ಚು ಉಪ್ಪು ಬೀಳುತ್ತದೆ. ವಯಸ್ಕರಿಗೆ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ರಕ್ತದೊತ್ತಡ ಇರುವವರು ಉಪ್ಪು ತಗ್ಗಿಸಿ, ವಿನೆಗರ್ ತುಸು ಹೆಚ್ಚಿಸಿಕೊಳ್ಳಬಹುದು.

ಕರ್ನಾಟಕದ ಅಡುಗೆಮನೆಯಲ್ಲಿ

ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಭಾರತದ ಪಶ್ಚಿಮ ಕರಾವಳಿಗೆ ಬಂದದ್ದು ಹದಿನಾರನೆಯ ಶತಮಾನದಲ್ಲಿ. ಬ್ಯಾಡಗಿ ಮೆಣಸಿನಕಾಯಿ ಮತ್ತು ಗಸ್ಪಾಚೊಗೆ ಬೀಳುವ ಖಾರವಿಲ್ಲದ ಹಸಿರು ಮೆಣಸಿನಕಾಯಿ ಎರಡೂ ಒಂದೇ ಸಸ್ಯಜಾತಿಯ ತಳಿಗಳು. ಹೀಗಾಗಿ ಬೇಕಾದ ತರಕಾರಿಗಳೆಲ್ಲ ಇಲ್ಲಿನ ಸಂತೆಯಲ್ಲೇ ಸಿಗುತ್ತವೆ. ಹೊಂದಾಣಿಕೆ ಬೇಕಾದದ್ದು ಮೂರು ಕಡೆ.

ಮೊದಲನೆಯದು ಟೊಮೆಟೊ. ದೂರದೂರಿಗೆ ಸಾಗಿಸಲೆಂದು ಬೆಳೆಸಿದ ಗಟ್ಟಿ ಸಿಪ್ಪೆಯ ಹೈಬ್ರಿಡ್ ಹಣ್ಣಿನಲ್ಲಿ ತಿರುಳು ಹೆಚ್ಚು, ರಸ ಕಡಿಮೆ. ನಾಟಿ ಟೊಮೆಟೊದಲ್ಲಿ ರಸ ಹೆಚ್ಚು, ಹುಳಿಯೂ ಹೆಚ್ಚು. ಎರಡನ್ನೂ ಅರ್ಧರ್ಧ ಬೆರೆಸಿ, ವಿನೆಗರ್ ಅನ್ನು ಅರ್ಧಕ್ಕಿಳಿಸಿದರೆ ಹದ ಸಿಗುತ್ತದೆ. ಎರಡನೆಯದು ಬ್ರೆಡ್. ಬೇಕರಿಯ ಸ್ಲೈಸ್ ಬ್ರೆಡ್ಡಿನಲ್ಲಿ ಸಕ್ಕರೆ ಇರುತ್ತದೆ. ಸಿಹಿಯಿಲ್ಲದ ಪಾವ್ ಅಥವಾ ಗೋಧಿ ಬ್ರೆಡ್ಡನ್ನು ಹಿಂದಿನ ದಿನವೇ ಹೊರಗಿಟ್ಟು ಒಣಗಿಸಿಕೊಳ್ಳುವುದು ಮೇಲು.

ಮೂರನೆಯದು ಎಣ್ಣೆ. ಗಾಣದ ಕಡಲೆಕಾಯಿ ಎಣ್ಣೆಯ ವಾಸನೆ ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ. ಸೂರ್ಯಕಾಂತಿ ಎಣ್ಣೆಯಿಂದ ಹದ ಬರುತ್ತದೆ, ಆಲಿವ್‌ನ ತುಸು ಕಹಿ-ಖಾರದ ರುಚಿ ಬರುವುದಿಲ್ಲ. ದುಬಾರಿಯಾದ ಆಲಿವ್ ಎಣ್ಣೆಯನ್ನು ಅರ್ಧ ಹಾಕಿ, ಉಳಿದರ್ಧಕ್ಕೆ ಸೂರ್ಯಕಾಂತಿ ಎಣ್ಣೆ ಬಳಸಬಹುದು.

ಮಲೆನಾಡು ಮತ್ತು ಕರಾವಳಿಯ ತಂಬುಳಿ ಬಲ್ಲವರಿಗೆ ಇದರ ತರ್ಕ ಹೊಸದೇನಲ್ಲ. ತಂಬುಳಿಯಲ್ಲಿ ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ಜೀರಿಗೆ, ಕಾಯಿತುರಿಯ ಜೊತೆ ಅರೆದು ಮಜ್ಜಿಗೆಗೆ ಬೆರೆಸುತ್ತಾರೆ, ಕುದಿಸುವುದಿಲ್ಲ. ಗಸ್ಪಾಚೊದಲ್ಲಿ ಬ್ರೆಡ್ ಮತ್ತು ಎಣ್ಣೆ ಕೊಡುವ ಮಂದವನ್ನು ಇಲ್ಲಿ ತೆಂಗಿನಕಾಯಿ, ವಿನೆಗರ್ ಕೊಡುವ ಹುಳಿಯನ್ನು ಮಜ್ಜಿಗೆ ಕೊಡುತ್ತದೆ. ಎಲೆಯನ್ನು ತುಪ್ಪದಲ್ಲಿ ಬಾಡಿಸಿಕೊಳ್ಳುವಷ್ಟು ಬೆಂಕಿಯನ್ನು ತಂಬುಳಿ ಬಳಸಿಕೊಳ್ಳುತ್ತದೆ. ಗಸ್ಪಾಚೊಗೆ ಅದೂ ಬೇಡ.

ಬಡಿಸುವುದು, ಕಾಪಿಡುವುದು

ಲೋಟದಲ್ಲಿ ಕೊಡುವುದಾದರೆ ಅಲಂಕಾರ ಬೇಡ. ಬಟ್ಟಲಿನಲ್ಲಿ ಬಡಿಸುವುದಾದರೆ ಸೌತೆಕಾಯಿ, ದೊಣ್ಣೆಮೆಣಸಿನಕಾಯಿ, ಟೊಮೆಟೊ, ಎಣ್ಣೆಯಲ್ಲಿ ಹುರಿದ ಬ್ರೆಡ್ಡಿನ ಸಣ್ಣ ಚೂರುಗಳನ್ನು ಬೇರೆ ಬೇರೆ ಬಟ್ಟಲಲ್ಲಿಟ್ಟು ಅವರವರೇ ಹಾಕಿಕೊಳ್ಳಲು ಬಿಡುವುದು ಸ್ಪೇನಿನ ಪದ್ಧತಿ. ಬ್ರೆಡ್ ಚೂರು ಹಾಕಿಕೊಂಡ ತಕ್ಷಣ ತಿನ್ನಬೇಕು, ಇಲ್ಲದಿದ್ದರೆ ನೆನೆದು ಮೆತ್ತಗಾಗುತ್ತದೆ.

ಸೂಕ್ಷ್ಮಜೀವಿಗಳನ್ನು ಕೊಲ್ಲುವ ಕುದಿ ಇಲ್ಲದ ಅಡುಗೆಯಾದ್ದರಿಂದ ಶುಚಿ ಮುಖ್ಯ. ತರಕಾರಿಯನ್ನು ಹರಿಯುವ ನೀರಿನಲ್ಲಿ ಉಜ್ಜಿ ತೊಳೆಯಬೇಕು. ಮಾಂಸ, ಮೀನು ಕತ್ತರಿಸಿದ ಮಣೆ-ಚಾಕು ಬಳಸಬಾರದು. ಬೆರೆಸುವ ನೀರು ಕುದಿಸಿ ಆರಿಸಿದ್ದಾಗಿರಬೇಕು. ವಿನೆಗರ್ ಮತ್ತು ಟೊಮೆಟೊದ ಹುಳಿ ಸೂಕ್ಷ್ಮಜೀವಿಗಳ ಬೆಳವಣಿಗೆಯನ್ನು ನಿಧಾನಿಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ.

ಫ್ರಿಜ್ಜಿನಲ್ಲಿ 5 ಡಿಗ್ರಿಗಿಂತ ಕೆಳಗೆ, ಮುಚ್ಚಿದ ಗಾಜಿನ ಪಾತ್ರೆಯಲ್ಲಿ ಗಸ್ಪಾಚೊ ಎರಡು ದಿನ ಚೆನ್ನಾಗಿರುತ್ತದೆ. ಮೊದಲ ರಾತ್ರಿ ಕಳೆದ ಮೇಲೆ ರುಚಿ ಕೂಡಿಕೊಂಡು ಇನ್ನಷ್ಟು ಹಿತವಾಗುತ್ತದೆ. ಎರಡನೆಯ ದಿನದ ಕೊನೆಗೆ ಬೆಳ್ಳುಳ್ಳಿ ಮೇಲುಗೈ ಸಾಧಿಸಿ, ಸೌತೆಕಾಯಿಯ ತಾಜಾತನ ಇಳಿದಿರುತ್ತದೆ. ಜಗ್ಗಿನಲ್ಲಿ ಪದರ ಬೇರ್ಪಟ್ಟಿದ್ದರೆ ಕೆಟ್ಟಿದೆ ಎಂದಲ್ಲ, ಕದಡಿದರೆ ಸರಿಹೋಗುತ್ತದೆ. ಗುಳ್ಳೆ ಎದ್ದಿದ್ದರೆ, ಮುಚ್ಚಳ ತೆಗೆದಾಗ ಹುದುಗಿದ ವಾಸನೆ ಬಂದರೆ ಚೆಲ್ಲಬೇಕು. ಒಂದು ಹೊತ್ತಿಗೆ ಬೇಕಾದಷ್ಟನ್ನು ಮಾತ್ರ ಹೊರತೆಗೆದು, ಉಳಿದದ್ದನ್ನು ತಕ್ಷಣ ಫ್ರಿಜ್ಜಿಗೆ ಸೇರಿಸುವುದು ಒಳ್ಳೆಯದು.